ಮೇ 22ರಂದು 158 ಹೆಸರು ಓದೋಣ: ಮಂಗಳೂರಿಗೆ ಒಂದು ಬಹಿರಂಗ ಪತ್ರ

ಮಂಗಳೂರಿನ ಆಡಳಿತ ನೋಡಿಕೊಳ್ಳುವ ಅಧಿಕಾರಿಗಳಿಗೆ, ಜನಪ್ರತಿನಿಧಿಗಳಿಗೆ, ಮತ್ತು ನನ್ನ ಊರಿನ ಎಲ್ಲರಿಗೂ,

ನಮಸ್ಕಾರ. ನಾನು ಕಾವೂರಿನವಳು. ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ನಿವೃತ್ತಳಾದವಳು. ನನ್ನ ಮನವಿಯನ್ನು ಮೊದಲೇ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಕೂಳೂರಿನಿಂದ ತಣ್ಣೀರುಬಾವಿ ಕಡೆಗೆ ಹೋಗುವಾಗ ಫಲ್ಗುಣಿ ನದಿಯ ಪಕ್ಕ 2010ರ ವಿಮಾನ ದುರಂತದ ಸ್ಮಾರಕ ಇದೆಯಲ್ಲ, ಅಲ್ಲಿ ಪ್ರತಿ ವರ್ಷ ಮೇ 22ರಂದು ತೀರಿಕೊಂಡ 158 ಮಂದಿಯ ಹೆಸರನ್ನೂ ಒಂದೊಂದಾಗಿ, ಗಟ್ಟಿಯಾಗಿ, ಅವಸರ ಮಾಡದೆ ಓದಬೇಕು. ಓದುವವರು ಅವರ ಮನೆಯವರು. ಮನೆಯವರಿಗೆ ಬರಲಿಕ್ಕಾಗದಿದ್ದರೆ ನಾವು, ಊರಿನವರು. ಇಷ್ಟೇ ನನ್ನ ಬೇಡಿಕೆ.

ಈಗಲೂ ಆ ದಿನ ಹೂ ಇಟ್ಟು ಗೌರವ ಸಲ್ಲಿಸುವ ಕ್ರಮ ಉಂಟು. ಅಧಿಕಾರಿಗಳು ಬರುತ್ತಾರೆ. ಅದು ಒಳ್ಳೆಯದೇ, ಈ ಪತ್ರ ಯಾರ ಮೇಲೂ ದೂರಲ್ಲ. ನಾನು ಕೇಳುತ್ತಿರುವುದು ಅದಕ್ಕೆ ಇನ್ನೊಂದು ಅರ್ಧ ಗಂಟೆ ಸೇರಿಸಿ ಅಂತ. ಹೊಸ ಕಟ್ಟಡ ಬೇಡ, ದೊಡ್ಡ ಖರ್ಚೂ ಇಲ್ಲ.

ಇದು ನನ್ನ ತಲೆಗೆ ಬಂದದ್ದು ಪರದೇಶದಲ್ಲಿ ನೋಡಿದ ಕೆಲವು ಜಾಗಗಳಿಂದ. ಮಗಳು ಬ್ರಸೆಲ್ಸ್‌ನಲ್ಲಿ ಕೆಲಸದಲ್ಲಿದ್ದಾಳೆ. ಅವಳ ಮನೆಗೆ ಹೋದಾಗ, ಅವಳಿಗೆ ರಜೆ ಸಿಕ್ಕಿದರೆ, ನಾವಿಬ್ಬರೂ ರೈಲು ಹತ್ತುತ್ತೇವೆ. ಅಂಗಡಿ ಬೀದಿ, ಐಸ್‌ಕ್ರೀಮು, ಫೋಟೋ ಎಲ್ಲ ಇರುತ್ತದೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ ಜಾಗಗಳು ಬೇರೆ. ಅವುಗಳ ಬಗ್ಗೆ ಸ್ವಲ್ಪ ಹೇಳುತ್ತೇನೆ, ದಯವಿಟ್ಟು ಓದಿ.

ಬೆಲ್ಜಿಯಂನ ಪಶ್ಚಿಮದ ಮೂಲೆಯಲ್ಲಿ ಈಪರ್ ಅಂತ ಒಂದು ಸಣ್ಣ ಪೇಟೆ. ಒಂದನೇ ಮಹಾಯುದ್ಧದಲ್ಲಿ ವರ್ಷಗಟ್ಟಲೆ ಶೆಲ್ ಬಿದ್ದು ಊರಿಗೆ ಊರೇ ನೆಲಸಮವಾಗಿತ್ತು. ಈಗ ಅಲ್ಲಿ ಕಾಣುವ ಹಳೇ ಕಾಲದ ಮನೆಗಳೆಲ್ಲ ಯುದ್ಧ ಮುಗಿದ ಮೇಲೆ ಮತ್ತೆ ಕಟ್ಟಿದ್ದು. ಸೈನಿಕರು ರಣಕ್ಕೆ ನಡೆದುಹೋಗುತ್ತಿದ್ದ ದಾರಿಯಲ್ಲಿ 1927ರಲ್ಲಿ ಒಂದು ದೊಡ್ಡ ಕಮಾನು ಕಟ್ಟಿದ್ದಾರೆ, ಮೆನಿನ್ ಗೇಟ್ ಅಂತ. ಅದರ ಒಳಗೋಡೆ, ಮೆಟ್ಟಿಲಿನ ಪಕ್ಕ, ಎಲ್ಲಿ ಕಣ್ಣು ಹಾಯಿಸಿದರೂ ಹೆಸರು. 54 ಸಾವಿರಕ್ಕೂ ಜಾಸ್ತಿ. ಇವರೆಲ್ಲ ಸುತ್ತಲಿನ ಹೊಲಗಳಲ್ಲಿ ಸತ್ತವರು, ಹೆಸರು ಬರೆದ ಗೋರಿ ಕೂಡ ಇಲ್ಲದವರು. ನಮ್ಮ ದೇಶದಿಂದ ಹೋದ ನೂರಾರು ಮಂದಿಯ ಹೆಸರೂ ಇದೆ. ಸಿಂಗ್, ಖಾನ್ ಅಂತ ಓದುತ್ತಾ ಹೋಗಬಹುದು. ಇವತ್ತಿಗೂ ಆ ಕಡೆ ನೆಲ ಅಗೆಯುವಾಗ ಎಲುಬು ಸಿಗುವುದುಂಟು. ಅದು ಇಂಥವರದ್ದೇ ಅಂತ ಗೊತ್ತಾಗಿ, ಅವರಿಗೆ ಹೆಸರಿನ ಗೋರಿಯೊಂದು ಆಯಿತು ಅಂದರೆ, ಗೋಡೆಯಿಂದ ಆ ಹೆಸರನ್ನು ತೆಗೆಯುತ್ತಾರೆ. ನೂರು ವರ್ಷ ದಾಟಿದ ಮೇಲೂ ಈ ಲೆಕ್ಕವನ್ನು ಯಾರೋ ಇಡುತ್ತಿದ್ದಾರೆ ಅಂತ ತಿಳಿದಾಗ ನನಗೆ ಮಾತೇ ಹೊರಡಲಿಲ್ಲ.

ಅಲ್ಲಿ ದಿನಾ ರಾತ್ರಿ ಎಂಟು ಗಂಟೆಗೆ ಕಹಳೆ ಊದುತ್ತಾರೆ. ವರ್ಷಕ್ಕೊಮ್ಮೆ ಅಲ್ಲ, ದಿನಾ. 1928ರಲ್ಲಿ ಶುರುವಾಗಿ, 1929ರಿಂದ ದಿನಾ ನಡೆದುಬಂದದ್ದು. ಆ ಕಮಾನಿನ ಕೆಳಗೆ ವಾಹನ ಓಡಾಡುವ ರಸ್ತೆಯೇ ಇದೆ. ಎಂಟಕ್ಕೆ ಮೊದಲು ಪೊಲೀಸರು ಬಂದು ರಸ್ತೆ ಬಂದ್ ಮಾಡುತ್ತಾರೆ, ಕಾರು ಬಸ್ಸು ಎಲ್ಲ ನಿಲ್ಲುತ್ತದೆ. ಯಾರೂ ಹಾರ್ನ್ ಹಾಕುವುದಿಲ್ಲ. ಕಹಳೆ ಊದುವವರು ಸೈನಿಕರಲ್ಲ, ಆ ಊರಿನ ಅಗ್ನಿಶಾಮಕ ದಳದ ಸ್ವಯಂಸೇವಕರು. ಹಗಲು ಬೇರೆ ಕೆಲಸ ಮಾಡಿ, ಸಂಜೆ ಯೂನಿಫಾರ್ಮ್ ಹಾಕಿಕೊಂಡು ಬಂದು ನಿಲ್ಲುವವರು. ಮುಗಿದ ಮೇಲೆ ಚಪ್ಪಾಳೆ ತಟ್ಟಬೇಡಿ ಅಂತ ಮೊದಲೇ ಹೇಳಿರುತ್ತಾರೆ. ನಾವು ಹೋದ ದಿನ ಮಳೆ ಸುರಿಯುತ್ತಿತ್ತು, ಚಳಿ ಬೇರೆ. ಆದರೂ ಎರಡೂ ಬದಿಯಲ್ಲಿ ಜನ. ಅಪ್ಪನ ಹೆಗಲ ಮೇಲೆ ಕೂತ ಮಗುವೊಂದು ಪೂರ್ತಿ ಹೊತ್ತು ಒಂದು ಮಾತೂ ಆಡಲಿಲ್ಲ.

ಎರಡನೇ ಮಹಾಯುದ್ಧದಲ್ಲಿ, 1940ರ ಮೇ ತಿಂಗಳಲ್ಲಿ ಜರ್ಮನ್ ಸೈನ್ಯ ಊರು ಹಿಡಿದ ಮೇಲೆ ಮಾತ್ರ ಈ ಕ್ರಮ ಅಲ್ಲಿ ನಿಂತಿತ್ತು. 1944ರ ಸೆಪ್ಟೆಂಬರ್ 6ರಂದು ಪೋಲೆಂಡಿನ ಸೈನಿಕರು ಬಂದು ಊರನ್ನು ಬಿಡಿಸಿದರು. ಊರಿನ ಒಂದು ಬದಿಯಲ್ಲಿ ಇನ್ನೂ ಗುಂಡಿನ ಸದ್ದು ಕೇಳುತ್ತಿದ್ದಾಗಲೇ, ಅದೇ ಸಂಜೆ, ಊರಿನವರು ಕಮಾನಿನ ಕೆಳಗೆ ಬಂದು ಮತ್ತೆ ಕಹಳೆ ಊದಿದರು. ಯಾವ ಸರಕಾರ ಆದೇಶ ಕೊಟ್ಟಿತ್ತು ಹೇಳಿ? ಆ ಹೊತ್ತಿನಲ್ಲಿ ಅಲ್ಲಿ ಸರಕಾರವೇ ಇರಲಿಲ್ಲ. ಅದು ಊರಿನ ಕೆಲಸ, ಊರಿನವರು ಮಾಡಿದರು.

ಅಲ್ಲಿಂದ ಸ್ವಲ್ಪ ಉತ್ತರಕ್ಕೆ ಫ್ಲಾಡ್‌ಸ್ಲೊ ಎಂಬ ಹಳ್ಳಿಯ ಹತ್ತಿರ ಜರ್ಮನ್ ಸೈನಿಕರ ಸ್ಮಶಾನ ಇದೆ. ಯುದ್ಧದಲ್ಲಿ ಸೋತ ಕಡೆಯವರು, ಊರನ್ನು ಹಾಳು ಮಾಡಿದವರು, ಅವರಿಗೂ ಅಲ್ಲಿ ಜಾಗ ಇದೆ. 25 ಸಾವಿರಕ್ಕೂ ಹೆಚ್ಚು ಮಂದಿ. ಓಕ್ ಮರಗಳ ನೆರಳಿನಲ್ಲಿ ನೆಲಕ್ಕೆ ಹಾಸಿದ ಚಪ್ಪಡಿ ಕಲ್ಲು, ಒಂದೊಂದು ಕಲ್ಲಿನ ಮೇಲೆ ಸಾಲಾಗಿ ಹೆಸರು. ಕೊನೆಯಲ್ಲಿ ಕಲ್ಲಿನ ಎರಡು ಮೂರ್ತಿ, ಒಬ್ಬ ತಂದೆ, ಒಬ್ಬಳು ತಾಯಿ, ಇಬ್ಬರೂ ಮಂಡಿಯೂರಿ ಕೂತಿದ್ದಾರೆ. ಮಾಡಿದವರು ಕೇಟೆ ಕೋಲ್‌ವಿಟ್ಸ್ ಎಂಬ ಜರ್ಮನ್ ಕಲಾವಿದೆ. ಅವರ ಕಿರಿಯ ಮಗ ಪೀಟರ್ 1914ರ ಅಕ್ಟೋಬರಿನಲ್ಲಿ, 18ನೇ ವಯಸ್ಸಿನಲ್ಲಿ, ಆ ಕಡೆಯ ರಣರಂಗದಲ್ಲಿ ತೀರಿಕೊಂಡ. ಸೈನ್ಯಕ್ಕೆ ಸೇರಲು ಆ ವಯಸ್ಸಿಗೆ ಅಪ್ಪನ ಒಪ್ಪಿಗೆ ಬೇಕಿತ್ತು. ಅಪ್ಪನಿಗೆ ಮನಸ್ಸಿರಲಿಲ್ಲ. ಮಗನ ಪರವಾಗಿ ಗಂಡನನ್ನು ಒಪ್ಪಿಸಿದವರು ಈ ತಾಯಿಯೇ. ಮಗನಿಗೊಂದು ಸ್ಮಾರಕ ಮಾಡಬೇಕು ಅಂತ ಅದೇ ವರ್ಷ ಯೋಚಿಸಿದ್ದು, ಮುಗಿದು, ಪೀಟರ್‌ನನ್ನು ಮೊದಲು ಮಣ್ಣು ಮಾಡಿದ್ದ ಹತ್ತಿರದ ಇನ್ನೊಂದು ಸ್ಮಶಾನದಲ್ಲಿ ನಿಂತದ್ದು 1932ರಲ್ಲಿ. ಫ್ಲಾಡ್‌ಸ್ಲೊಗೆ ತಂದದ್ದು ಆಮೇಲೆ.

ಆ ಮೂರ್ತಿಗಳ ಎದುರು ನಾನು ತುಂಬ ಹೊತ್ತು ನಿಂತೆ. ತಂದೆ ಎರಡೂ ಕೈಯನ್ನು ಎದೆಗೆ ಬಿಗಿಯಾಗಿ ಕಟ್ಟಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಬಾಯಿ ಬಿಟ್ಟರೆ ಎಲ್ಲಿ ಅಳು ಬಂದುಬಿಡುತ್ತದೋ ಅನ್ನುವ ಹಾಗೆ ಕೂತಿದ್ದಾನೆ. ತಾಯಿ ತಲೆ ತಗ್ಗಿಸಿ ಮುದುಡಿದ್ದಾಳೆ. ಇಬ್ಬರೂ ಬೇರೆ ಬೇರೆ ಕಲ್ಲು, ಒಬ್ಬರಿಗೊಬ್ಬರು ತಾಗುವುದಿಲ್ಲ. ಒಂದೇ ಸಾವಿಗೆ ಅಳುವಾಗಲೂ ಗಂಡ ಹೆಂಡತಿ ಬೇರೆ ಬೇರೆಯಾಗಿಯೇ ಅಳುತ್ತಾರೆ, ಇದು ಸಾವಿನ ಮನೆ ಕಂಡ ಯಾರಿಗೂ ಗೊತ್ತಿರುವ ಸಂಗತಿ ಅಲ್ವಾ? ಅವರ ಎದುರಿನ ಚಪ್ಪಡಿಯಲ್ಲೇ ಪೀಟರ್‌ನ ಹೆಸರಿದೆ, ಇತರರ ಹೆಸರುಗಳ ನಡುವೆ. ಅವನಿಗೆ ಅಂತ ಪ್ರತ್ಯೇಕ ದೊಡ್ಡ ಅಕ್ಷರ ಇಲ್ಲ. ಹಾಗಾಗಿ ಆ ಅಪ್ಪ ಅಮ್ಮ ಅಲ್ಲಿರುವ ಎಲ್ಲ ಹುಡುಗರಿಗೂ ಅಪ್ಪ ಅಮ್ಮ ಆಗಿಬಿಟ್ಟಿದ್ದಾರೆ. ಯಾವ ದೇಶದವರು, ಯಾರ ಪರವಾಗಿ ಹೋರಾಡಿದವರು ಅನ್ನುವುದು ಆ ಜಾಗದಲ್ಲಿ ನನ್ನ ಮನಸ್ಸಿಗೆ ಬರಲೇ ಇಲ್ಲ.

ಗಡಿ ದಾಟಿ ಫ್ರಾನ್ಸ್‌ಗೆ ಹೋದರೆ ನವ್ ಶಾಪೆಲ್ ಎಂಬ ಊರಿನಲ್ಲಿ ಭಾರತೀಯ ಸೈನಿಕರದ್ದೇ ಸ್ಮಾರಕ ಇದೆ. 1927ರದ್ದು. ನವದೆಹಲಿಯ ಕಟ್ಟಡಗಳಲ್ಲಿ ಕೆಲಸ ಮಾಡಿದ ಹರ್ಬರ್ಟ್ ಬೇಕರ್ ಅದರ ವಿನ್ಯಾಸ ಮಾಡಿದವರು. ದುಂಡಗಿನ ಆವರಣ, ಅಶೋಕ ಸ್ತಂಭ ನೆನಪಿಸುವ ಎತ್ತರದ ಕಂಬ, ಎರಡು ಕಲ್ಲಿನ ಹುಲಿ. ಗೋರಿ ಇಲ್ಲದ 4,700ಕ್ಕೂ ಹೆಚ್ಚು ಮಂದಿಯ ಹೆಸರು ಅಲ್ಲಿದೆ. ಕಂಬದ ಬುಡದಲ್ಲಿ ದೇವರು ಒಬ್ಬನೇ ಎಂಬ ಮಾತನ್ನು ಇಂಗ್ಲಿಷಿನಲ್ಲಿ ಬರೆದು, ಜೊತೆಗೆ ಅರಬಿ, ಹಿಂದಿ, ಗುರುಮುಖಿಯಲ್ಲೂ ಬರೆದಿದ್ದಾರೆ. ಸತ್ತವರ ಮನೆಯವರಲ್ಲಿ ಎಷ್ಟು ಮಂದಿಗೆ ಅಷ್ಟು ದೂರ ಬಂದು ಅದನ್ನು ಓದಲು ಆಗಿದ್ದೀತು? ಆದರೂ ಅವರವರ ಲಿಪಿಯಲ್ಲೇ ಬರೆದರು. ನಮ್ಮ ಕೂಳೂರಿನ ಸ್ಮಾರಕದ ವಿಷಯ ನನಗೆ ಮೊದಲು ನೆನಪಾದದ್ದು ಅಲ್ಲಿಯೇ. ನಮ್ಮ ವಿಮಾನದಲ್ಲಿ ಇದ್ದವರ ಮನೆಮಾತು ಒಂದಾ? ತುಳು, ಬ್ಯಾರಿ, ಕೊಂಕಣಿ, ಕನ್ನಡ, ಮಲಯಾಳಂ.

ನ್ಯೂಯಾರ್ಕ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಬಹಳ ಜನ ನೋಡಿರುತ್ತಾರೆ. ಎರಡೇ ಸಂಗತಿ. ಸೆಪ್ಟೆಂಬರ್ 11ರ ಸ್ಮಾರಕದಲ್ಲಿ 2,983 ಹೆಸರಿದೆ, ಆದರೆ ಅಕ್ಷರಮಾಲೆಯ ಸಾಲಿನಲ್ಲಿ ಅಲ್ಲ. ಒಟ್ಟಿಗೆ ಕೆಲಸ ಮಾಡುತ್ತಿದ್ದವರು, ಸ್ನೇಹಿತರು, ಸಂಬಂಧಿಕರು, ಇವರ ಹೆಸರು ಅಕ್ಕಪಕ್ಕ ಬರುವ ಹಾಗೆ ಮನೆಯವರನ್ನು ಕೇಳಿ ಜೋಡಿಸಿದ್ದಾರೆ. ಮತ್ತೆ, ಯಾರ ಹುಟ್ಟುಹಬ್ಬವೋ ಆ ದಿನ ಅವರ ಹೆಸರಿನ ಮೇಲೆ ಒಂದು ಬಿಳಿ ಗುಲಾಬಿ ಇಡುತ್ತಾರೆ. ಸತ್ತ ದಿನ ಹೆಚ್ಚುಕಡಿಮೆ ಎಲ್ಲರಿಗೂ ಒಂದೇ, ಹುಟ್ಟಿದ ದಿನ ಒಬ್ಬೊಬ್ಬರದ್ದು ಒಂದೊಂದು. ಪ್ರತಿ ವರ್ಷ ಸೆಪ್ಟೆಂಬರ್ 11ರಂದು ಮನೆಯವರು ನಿಂತು ಅಷ್ಟೂ ಹೆಸರು ಓದುತ್ತಾರೆ, ಗಂಟೆಗಟ್ಟಲೆ. ನಮ್ಮಲ್ಲಿ ಇರುವುದು 158. ನಿಧಾನವಾಗಿ ಓದಿದರೂ ಅರ್ಧ ಗಂಟೆಯೊಳಗೆ ಮುಗಿಯುತ್ತದೆ.

ಇನ್ನೊಂದು ಜಾಗದ ಬಗ್ಗೆ ಹೇಳಲೇಬೇಕು, ಅದು ಸಾವಿನ ಜಾಗ ಅಲ್ಲ, ಪೂಜೆಯ ಜಾಗ. ಬೆಲ್ಜಿಯಂನ ಗೆಂಟ್ ನಗರದ ದೊಡ್ಡ ಚರ್ಚಿನಲ್ಲಿ ವ್ಯಾನ್ ಐಕ್ ಅಣ್ಣ ತಮ್ಮಂದಿರು ಬರೆದ ಒಂದು ಚಿತ್ರಪೀಠ ಇದೆ. ಮರದ ಹಲಗೆಗಳ ಮೇಲೆ ಎಣ್ಣೆ ಬಣ್ಣದಲ್ಲಿ ಬರೆದದ್ದು. ನಡುವೆ ಒಂದು ಕುರಿಮರಿ, ಸುತ್ತ ಸಂತರು, ದೇವದೂತರು, ಹುಲ್ಲಿನ ಒಂದೊಂದು ಎಸಳೂ ಬೇರೆ ಬೇರೆ. ಅದರ ಒಂದು ಹಲಗೆ 1934ರಲ್ಲಿ ಕಳವಾಗಿ ಇವತ್ತಿನವರೆಗೆ ಸಿಕ್ಕಿಲ್ಲ, ಅಲ್ಲಿ ಈಗ ಇರುವುದು ನಕಲು. ಹಲಗೆಗಳನ್ನು ಸರಿಪಡಿಸುವ ಕೆಲಸ 2012ರಲ್ಲಿ ಶುರು ಮಾಡಿದಾಗ ಬಾಗಿಲು ಹಾಕಿಕೊಂಡು ಮಾಡಲಿಲ್ಲ, ಊರಿನ ಮ್ಯೂಸಿಯಂನಲ್ಲಿ ಗಾಜಿನ ಗೋಡೆಯ ಹಿಂದೆ, ಜನ ನೋಡುತ್ತಿರುವಾಗಲೇ ಮಾಡಿದರು. ಚಿತ್ರ ಮುಗಿದ ವರ್ಷ ಅದರ ಚೌಕಟ್ಟಿನ ಮೇಲೆಯೇ ಇದೆ: 1432.

ಸಮಾಜ ಪಾಠ ಮಾಡಿದವಳಿಗೆ ಆ ಇಸವಿ ಕೇಳಿ ಮೈ ಜುಮ್ಮೆಂದಿತು. ಕಾರ್ಕಳದ ಗೊಮ್ಮಟ ನಿಂತದ್ದೂ 1432ರಲ್ಲಿಯೇ! ಅಲ್ಲಿ ಹಲಗೆಯ ಮೇಲೆ ಬಣ್ಣ ಒಣಗುತ್ತಿದ್ದ ಹೊತ್ತಿಗೆ ಇಲ್ಲಿ 42 ಅಡಿಯ ಬಾಹುಬಲಿ ಬಂಡೆಗುಡ್ಡದ ಮೇಲೆ ನಿಂತಾಗಿತ್ತು. ಮಗಳಿಗೆ ಹೇಳಿದೆ, ಅವಳು ಪಕ್ಕದಲ್ಲಿದ್ದ ಗೈಡ್‌ಗೆ ಹೇಳಿದಳು, ಅವರು ಕಾರ್ಕಳ ಅಂತ ಕಾಗದದಲ್ಲಿ ಬರೆದುಕೊಂಡರು.

ಗೆಂಟ್‌ನಲ್ಲಿ ಚೌಕಟ್ಟಿನ ಮೇಲೆ ಚಿತ್ರ ಬರೆದವರ ಹೆಸರೂ ಉಂಟು, ದುಡ್ಡು ಕೊಟ್ಟವನ ಹೆಸರೂ ಉಂಟು. ಕಾರ್ಕಳದ ಶಾಸನದಲ್ಲಿ ವೀರಪಾಂಡ್ಯ ಅರಸನ ಹೆಸರು ಉಂಟು, ಅವನ ಗುರು ಲಲಿತಕೀರ್ತಿಯ ಹೆಸರು ಉಂಟು. ಹಾಗಾದರೆ ಉಳಿ ಹಿಡಿದವನು? ಅವನನ್ನು ಉಳಿಸಿಕೊಂಡದ್ದು ನಮ್ಮ ಪಾಡ್ದನ, ತುಳುವಿನ ಹಾಡುಕತೆ. ಕಾರ್ಕಳದ ಗೊಮ್ಮಟನನ್ನು ಕೆತ್ತಿದ ಕಲ್ಕುಡ, ಇನ್ನೊಂದು ಕಡೆ ಇಂಥದ್ದು ಮಾಡಬಾರದು ಅಂತ ಅರಸ ಅವನ ಒಂದು ಕೈ ಒಂದು ಕಾಲು ಕಡಿಸಿದ್ದು, ಅವನು ಉಳಿದ ಕೈಯಿಂದಲೇ ವೇಣೂರಿನಲ್ಲಿ ಮತ್ತೆ ಗೊಮ್ಮಟನನ್ನು ಕೆತ್ತಿದ್ದು, ತಂಗಿ ಕಲ್ಲುರ್ಟಿ ನ್ಯಾಯ ಕೇಳಿದ್ದು, ಇಬ್ಬರೂ ದೈವಗಳಾದದ್ದು. ಈ ಕತೆ ಗೊತ್ತಿಲ್ಲದ ಮನೆ ನಮ್ಮ ಕಡೆ ಕಡಿಮೆ. ಓದು ಬರಹ ತಿಳಿಯದ ಹೆಂಗಸರು ಗದ್ದೆಯಲ್ಲಿ ನೇಜಿ ನೆಡುತ್ತಾ ಹಾಡಿ ಹಾಡಿ ಪಾಡ್ದನಗಳನ್ನು ಇಲ್ಲಿಯವರೆಗೆ ತಂದು ಮುಟ್ಟಿಸಿದ್ದಾರೆ.

ಹಾಗಾಗಿ, ಹೆಸರು ಓದುವುದು ಪರದೇಶದ ಕ್ರಮ, ನಮಗೆ ಹೊಂದುವುದಿಲ್ಲ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ತೀರಿಹೋದವರನ್ನು ಹೆಸರು ಹಿಡಿದು ಕರೆಯುವುದರಲ್ಲಿ ತುಳುನಾಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆಟಿ ತಿಂಗಳಲ್ಲಿ ಹಿರಿಯರಿಗೆ ಬಡಿಸುವಾಗ ಹೆಸರು ಹೇಳಿಯೇ ಬಡಿಸುತ್ತೇವೆ. ನವೆಂಬರ್ 2ರಂದು ನಮ್ಮ ಕ್ರೈಸ್ತರು ಸ್ಮಶಾನಕ್ಕೆ ಹೋಗಿ ಗೋರಿಗಳಿಗೆ ಮೇಣದಬತ್ತಿ ಹಚ್ಚುತ್ತಾರೆ. ಮುಸ್ಲಿಂ ಮನೆಗಳಲ್ಲಿ ತೀರಿಕೊಂಡವರ ಹೆಸರಿನಲ್ಲಿ ದುವಾ ಮಾಡುತ್ತಾರೆ. ಮನೆಯೊಳಗೆ ಇದೆಲ್ಲ ನಡೆಯುತ್ತಲೇ ಇದೆ. ಊರು ಒಟ್ಟಾಗಿ ಮಾಡಬೇಕು ಅನ್ನುವುದೊಂದೇ ನನ್ನ ಮಾತು.

ಆ ಶನಿವಾರ ಬೆಳಿಗ್ಗೆ ಏನಾಯಿತು ಅಂತ ಈಗಿನ ಕಾಲೇಜು ಮಕ್ಕಳಿಗೆ ನೆನಪಿರುವ ಹಾಗಿಲ್ಲ. ದುಬೈಯಿಂದ ಬಂದ ವಿಮಾನ, ಬಜ್ಪೆಯ ಗುಡ್ಡದ ಮೇಲಿನ ರನ್‌ವೇ ದಾಟಿ ಕಣಿವೆಗೆ ಬಿತ್ತು, ಬೆಂಕಿ ಹಿಡಿಯಿತು. ಇದ್ದವರು 166, ಉಳಿದವರು ಎಂಟು ಮಂದಿ. ಮೊದಲು ಓಡಿಹೋದವರು ಅಕ್ಕಪಕ್ಕದ ಮನೆಗಳ ಜನ, ಆಮೇಲೆ ಅಗ್ನಿಶಾಮಕದವರು, ಆಂಬುಲೆನ್ಸ್ ಡ್ರೈವರ್‌ಗಳು. ವಿಮಾನದಲ್ಲಿ ಇದ್ದವರು ಯಾರು? ಗಲ್ಫ್‌ನಲ್ಲಿ ದುಡಿದು ಊರಿಗೆ ಬರುತ್ತಿದ್ದವರು, ರಜೆಗೆ ಬರುತ್ತಿದ್ದ ಹೆಂಡತಿ ಮಕ್ಕಳು. ನಮ್ಮ ಕರಾವಳಿಯಲ್ಲಿ ಗಲ್ಫ್‌ಗೆ ಹೋದವರಿಲ್ಲದ ಓಣಿ ಎಲ್ಲಿದೆ? ನಾವು ಕಟ್ಟಿಕೊಂಡ ಮನೆ, ಕಲಿತ ಕಾಲೇಜು, ಮಾಡಿದ ಮದುವೆ, ಎಷ್ಟೋ ಅವರ ಬೆವರಿನ ದುಡ್ಡು. ಯುದ್ಧಕ್ಕೆ ಹೋದವರಿಗೆ ಮಾತ್ರ ಹೆಸರಿನ ಗೋಡೆ ಯಾಕೆ, ದುಡಿಯಲು ಹೋದವರಿಗೂ ಇರಲಿ.

ಡಿಎನ್‌ಎ ಪರೀಕ್ಷೆ ಮಾಡಿದ ಮೇಲೂ ಯಾರದ್ದೆಂದು ತಿಳಿಯದ 12 ದೇಹಗಳನ್ನು ಆ ನದಿಯ ದಡದಲ್ಲೇ ಮಣ್ಣು ಮಾಡಿದ್ದಾರೆ. ಈಪರ್‌ನ ಗೋಡೆಯಲ್ಲಿ ಹೆಸರಿದೆ, ಗೋರಿ ಇಲ್ಲ. ನಮ್ಮಲ್ಲಿ ಗೋರಿ ಇದೆ, ಯಾವುದು ಯಾರದ್ದು ಗೊತ್ತಿಲ್ಲ. ಅವರ ಮನೆಯವರು ಯಾವ ಕಲ್ಲಿನ ಮುಂದೆ ನಿಂತು ಮಾತಾಡಬೇಕು ಹೇಳಿ? 158 ಹೆಸರನ್ನೂ ಅಲ್ಲಿ ನಿಂತು ಓದಿದರೆ ಆ 12 ಮಂದಿಯ ಹೆಸರೂ ಅದರಲ್ಲಿ ಬಂದೇ ಬರುತ್ತದೆ, ಅವರು ಮಲಗಿರುವ ಜಾಗದಲ್ಲೇ ಬರುತ್ತದೆ.

ಹೇಗೆ ಮಾಡಬೇಕು ಅಂತಲೂ ಯೋಚಿಸಿದ್ದೇನೆ. ಮೊದಲು ಎಲ್ಲ ಮನೆಯವರನ್ನು ಕೇಳಬೇಕು. ಕೆಲವರಿಗೆ ಆ ದಿನ ಮತ್ತೆ ಕೇಳಿಸಿಕೊಳ್ಳುವುದೇ ಬೇಡ ಅನಿಸಬಹುದು, ಅವರ ಮಾತೇ ಕೊನೆ. ಹೆಸರನ್ನು ಮನೆಯಲ್ಲಿ ಹೇಗೆ ಕರೆಯುತ್ತಿದ್ದರೋ ಹಾಗೆ ಉಚ್ಚರಿಸಬೇಕು, ಪಾಸ್‌ಪೋರ್ಟಿನ ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಿ ತಪ್ಪಾಗಿ ಓದಿದರೆ ಅದಕ್ಕಿಂತ ನೋವು ಬೇರೆ ಇಲ್ಲ. ಭಾಷಣ ಬೇಡ. ವೇದಿಕೆ, ಬ್ಯಾನರ್, ಅಧ್ಯಕ್ಷತೆ, ಶಾಲು, ಯಾವುದೂ ಬೇಡ, ದಯವಿಟ್ಟು. ಮಂತ್ರಿಗಳು ಬಂದರೆ ಎಲ್ಲರ ಜೊತೆ ನಿಂತು ಕೇಳಲಿ. ಅಷ್ಟು ಹೊತ್ತು ಆ ರಸ್ತೆಯಲ್ಲಿ ವಾಹನ ನಿಲ್ಲಿಸಲು ಸಾಧ್ಯವೇ ಅಂತ ಪೊಲೀಸರು ನೋಡಬೇಕು.

ಮತ್ತೆ, ಇದನ್ನು ಬರೀ ಸರಕಾರಿ ಕಾರ್ಯಕ್ರಮ ಮಾಡಿದರೆ ಅಧಿಕಾರಿ ಬದಲಾದ ಕೂಡಲೇ ನಿಂತುಹೋಗುತ್ತದೆ. ಊರಿನವರ ಕೈಗೆ ಕೊಡಿ. ಒಂದು ವರ್ಷ ಕೂಳೂರಿನ ಯುವಕ ಮಂಡಲ, ಒಂದು ವರ್ಷ ಬಜ್ಪೆಯ ಮಸೀದಿ ಜಮಾಅತ್, ಇನ್ನೊಂದು ವರ್ಷ ಯಾವುದಾದರೂ ಚರ್ಚಿನವರು, ಮತ್ತೊಂದು ವರ್ಷ ಭಜನಾ ಮಂಡಳಿ ಅಥವಾ ಮಹಿಳಾ ಮಂಡಲ. ಅಂಗಳ ಗುಡಿಸುವುದು, ನೀರು ಇಡುವುದು, ಬಂದವರಿಗೆ ನೆರಳು ಮಾಡುವುದು, ಇಷ್ಟು ಅವರ ಕೆಲಸ. ಅಗ್ನಿಶಾಮಕ ಠಾಣೆಯವರು ಪ್ರತಿ ವರ್ಷವೂ ಇರಬೇಕು ಅಂತ ನನ್ನ ಆಸೆ. ಆ ಬೆಳಿಗ್ಗೆ ಕಣಿವೆಗೆ ಇಳಿದವರು ಅವರು.

ಹೆಸರುಗಳ ಉಚ್ಚಾರಣೆ ಕೇಳಿ ಬರೆದುಕೊಳ್ಳುವ ಕೆಲಸಕ್ಕೆ ನಾನು ತಯಾರಿದ್ದೇನೆ. ನನ್ನ ಹಾಗೆ ನಿವೃತ್ತರಾದ ಕೆಲವು ಟೀಚರ್‌ಗಳೂ ಬರುತ್ತೇವೆ ಅಂದಿದ್ದಾರೆ, ಅವರಲ್ಲಿ ಮಲಯಾಳಂ ಬಲ್ಲವರು, ಬ್ಯಾರಿ ಮಾತಾಡುವವರು ಇದ್ದಾರೆ. ಫೋನಿನಲ್ಲಿ ಕೇಳಬಹುದು, ಹತ್ತಿರದ ಮನೆಗಳಿಗೆ ನಾವೇ ಹೋಗಿ ಬರಬಹುದು. ನಿಮ್ಮ ಕಡೆಯಿಂದ ಬೇಕಾಗಿರುವುದು ಹೆಸರುಗಳ ಸರಿಯಾದ ಪಟ್ಟಿ, ಮನೆಯವರಿಗೆ ಒಂದು ಕಾಗದ, ಮತ್ತು ಆ ದಿನಕ್ಕೆ ಎರಡು ಬಸ್ಸು. ಒಂದು ಕಾಸರಗೋಡಿನಿಂದ, ಇನ್ನೊಂದು ಉಡುಪಿ ಕಡೆಯಿಂದ. ವಯಸ್ಸಾದ ತಂದೆ ತಾಯಂದಿರು ಬಸ್ ಬದಲಿಸುತ್ತಾ ಬರುವುದು ಕಷ್ಟ. ಮೇ ಕೊನೆಯ ಸೆಕೆ ಬೇರೆ, ಬೆಳಿಗ್ಗೆ ಒಂಬತ್ತರ ಒಳಗೆ ಮುಗಿಯುವ ಹಾಗೆ ಸಮಯ ಇಟ್ಟರೆ ಒಳ್ಳೆಯದು.

ಇಂತಿ,
ಕಾವೂರಿನ ಒಬ್ಬ ನಿವೃತ್ತ ಶಿಕ್ಷಕಿ